ಮಲೆನಾಡಿನ ತೋಟಕ್ಕೆ ಯಾವ ಮ್ಯಾಪ್? ಗೂಗಲ್, ಫ್ಲಟರ್ ಮ್ಯಾಪ್, ಮ್ಯಾಪ್‌ಲಿಬ್ರೆ ಮೂರರಲ್ಲೂ ಮಾಡಿ ನೋಡಿದ್ದು

ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಒಂದು ಆ್ಯಪ್ ಮಾಡುತ್ತಿದ್ದೇನೆ. ತೋಟದ ಗಡಿ, ಒಳಗಿನ ಬ್ಲಾಕ್‌ಗಳು, ಬೋರ್‌ವೆಲ್, ಪಂಪ್ ಮನೆ, ಕಣ, ಮಳೆ ಅಳೆಯುವ ಜಾಗ ಇಷ್ಟೂ ಮ್ಯಾಪಿನ ಮೇಲೆ ಕಾಣಬೇಕು. ರೈಟರ್ (ತೋಟದ ಕೆಲಸ, ಲೆಕ್ಕ ನೋಡುವವರು) ತೋಟ ಸುತ್ತುವಾಗ ಒಂದು ಬ್ಲಾಕ್ ಒತ್ತಿದರೆ ಅಲ್ಲಿ ಗೊಬ್ಬರ ಯಾವಾಗ ಹಾಕಿದ್ದು, ಔಷಧಿ ಯಾವಾಗ ಹೊಡೆದಿದ್ದು ಅಂತ ಬರಬೇಕು. ಯಜಮಾನರ ಕೈಯಲ್ಲಿ ಐಫೋನ್, ರೈಟರ್ ಕೈಯಲ್ಲಿ ಕಡಿಮೆ ಬೆಲೆಯ ಆಂಡ್ರಾಯ್ಡ್. ಎರಡಕ್ಕೂ ಒಂದೇ ಕೋಡ್ ಇರಲಿ ಅಂತ ಆ್ಯಪ್ ಕಟ್ಟುವ ಫ್ಲಟರ್ ಅನ್ನೋ ಸಲಕರಣೆ ಹಿಡಿದೆ, ಮತ್ತು ಇದೇ ಒಂದು ಪರದೆಯನ್ನು ಮೂರು ಮ್ಯಾಪ್ ಪ್ಯಾಕೇಜ್‌ಗಳಲ್ಲೂ (ಫ್ಲಟರ್‌ಗೆ ಮ್ಯಾಪ್ ಸೇರಿಸುವ ಸಿದ್ಧ ಕೋಡ್) ಕಟ್ಟಿ ನೋಡಿದೆ.

ಹೋಲಿಕೆ ಅಂದ್ರೆ ಸಾಮಾನ್ಯವಾಗಿ ವೇಗ, ಬೆಲೆ ಮೊದಲು ಬರುತ್ತವೆ. ನಮ್ಮಲ್ಲಿ ಗುಡ್ಡದ ಈ ಬದಿ ಪೂರ್ತಿ ಸಿಗ್ನಲ್, ಆ ಬದಿಗೆ ಇಳಿದರೆ ಏನೂ ಇಲ್ಲ. ಹಾಗಾಗಿ ನಾನು ಮೊದಲು ನೋಡಿದ್ದು ಎರಡೇ: ನೆಟ್‌ವರ್ಕ್ ಹೋದ ಮೇಲೆ ಪರದೆಯಲ್ಲಿ ಏನು ಉಳಿಯುತ್ತದೆ, ಮತ್ತು ಕನ್ನಡ ಹೆಸರು ಸರಿಯಾಗಿ ಕಾಣುತ್ತದಾ.

ಶುರು ಮಾಡೋಕೆ ಗೂಗಲ್ ಮ್ಯಾಪ್ಸ್ ಸುಲಭ. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆದು, ಬಿಲ್ಲಿಂಗ್ ಖಾತೆ ಮಾಡಿ, ಎಪಿಐ ಕೀ (ಗೂಗಲ್ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ತಗೊಂಡು ಆಂಡ್ರಾಯ್ಡ್ ಮ್ಯಾನಿಫೆಸ್ಟ್ ಫೈಲಿನಲ್ಲೂ ಐಒಎಸ್‌ನ ಆ್ಯಪ್ ಡೆಲಿಗೇಟ್ ಫೈಲಿನಲ್ಲೂ ಹಾಕಿದರೆ ಮ್ಯಾಪ್ ಬಂತು. ಕೀಯನ್ನು ಆ್ಯಪಿನ ಪ್ಯಾಕೇಜ್ ಹೆಸರಿಗೂ ಎಸ್‌ಎಚ್‌ಎ-1ಗೂ (ಆ್ಯಪಿಗೆ ಹಾಕಿದ ಸಹಿಯ ಬೆರಳಚ್ಚಿನಂಥ ಗುರುತು) ಕಟ್ಟಿಹಾಕಿ, ಹಾಗೇ ಬಿಡಬೇಡಿ. ಪ್ಲೇ ಸ್ಟೋರ್ ತನ್ನ ಕೀಯಿಂದ ಸಹಿ ಮಾಡುವ ವ್ಯವಸ್ಥೆ ಇದ್ದರೆ ಅದರ ಎಸ್‌ಎಚ್‌ಎ-1 ಬೇರೆಯೇ ಇರುತ್ತದೆ. ಅದನ್ನೂ ಸೇರಿಸದಿದ್ದರೆ ನಿಮ್ಮ ಮೇಜಿನ ಮೇಲೆ ಚೆನ್ನಾಗಿ ಓಡಿದ ಆ್ಯಪ್ ಗ್ರಾಹಕರ ಫೋನಿನಲ್ಲಿ ಖಾಲಿ ಪರದೆ ತೋರಿಸುತ್ತದೆ.

ದುಡ್ಡಿನ ವಿಷಯಕ್ಕೆ ಜನ ಹೆದರುವಷ್ಟೇನಿಲ್ಲ. ಮೊಬೈಲ್ ಆ್ಯಪಿನಲ್ಲಿ ಸಾದಾ ಮ್ಯಾಪ್ ತೋರಿಸುವುದಕ್ಕೆ ಗೂಗಲ್ ಶುಲ್ಕ ಹಾಕುವುದಿಲ್ಲ. ದಾರಿ ಹುಡುಕೋದು, ಜಾಗ ಹುಡುಕೋದು, ವಿಳಾಸದಿಂದ ಅಕ್ಷಾಂಶ ರೇಖಾಂಶ ತೆಗೆಯೋದು, ಇವು ಮಿತಿ ದಾಟಿದರೆ ಬಿಲ್ ಆಗುತ್ತವೆ. 2024ರ ಆಗಸ್ಟ್‌ನಿಂದ ಭಾರತಕ್ಕೆ ಬೇರೆ ದರಪಟ್ಟಿ ಬಂದಿದೆ, ಮೊದಲಿಗಿಂತ ಶೇ. 70ರವರೆಗೂ ಕಡಿಮೆ, ರೂಪಾಯಿಯಲ್ಲೇ ಕಟ್ಟಬಹುದು. ನನ್ನ ತೋಟದ ಆ್ಯಪಿಗೆ ದಾರಿ ಹುಡುಕುವ ಕೆಲಸವೇ ಇಲ್ಲ, ಖರ್ಚೂ ಇಲ್ಲ.

ಕನ್ನಡವೂ ಇಲ್ಲಿ ಚೆನ್ನಾಗಿದೆ. ಫೋನಿನ ಭಾಷೆ ಕನ್ನಡಕ್ಕೆ ಇಟ್ಟರೆ ಊರಿನ ಹೆಸರುಗಳು ಕನ್ನಡದಲ್ಲಿ ಬರುತ್ತವೆ, ಒತ್ತಕ್ಷರ ಎಲ್ಲ ಸರಿಯಾಗಿರುತ್ತವೆ. ಉಪಗ್ರಹ ಚಿತ್ರ ಎಲ್ಲರಿಗೂ ಇಷ್ಟ ಆಗುತ್ತದೆ, ಆದರೆ ಕಾಫಿ ತೋಟದಲ್ಲಿ ಅದರ ಉಪಯೋಗ ಕಡಿಮೆ ಅಲ್ವಾ? ಮೇಲಿಂದ ಕಾಣೋದು ಸಿಲ್ವರ್ ಓಕ್ ಮತ್ತು ಕಾಡು ಮರದ ನೆತ್ತಿ ಮಾತ್ರ. ಯಾವುದು ರೊಬಸ್ಟಾ, ಯಾವುದು ಅರೇಬಿಕಾ, ಬ್ಲಾಕಿನ ಗಡಿ ಎಲ್ಲಿ, ಏನೂ ಗೊತ್ತಾಗೋದಿಲ್ಲ. ಕಣ, ಕೆರೆ, ಲೈನ್ ಮನೆ ಮಾತ್ರ ಸ್ಪಷ್ಟ.

ಗೂಗಲ್‌ನಲ್ಲಿ ನನಗೆ ಎರಡು ಕಡೆ ತಡೆ ಬಿತ್ತು. ಮ್ಯಾಪಿನ ಗುರುತಾಗಿ ಫ್ಲಟರ್ ವಿಜೆಟ್ (ಪರದೆಯಲ್ಲಿ ಕಾಣುವ ಅಕ್ಷರ, ಗುಂಡಿಯಂಥ ತುಣುಕು) ಇಡಲಾಗದು, ಚಿತ್ರವೇ ಬೇಕು. 'ಬ್ಲಾಕ್ 4, ಮೆಣಸು' ಅಂತ ಒಂದು ಚೀಟಿ ತೋರಿಸಲು ಅದನ್ನು ಮೊದಲು ಚಿತ್ರ ಮಾಡಿ ಆಮೇಲೆ ಕೊಡಬೇಕು. ಇದನ್ನು ಹೇಗೋ ಸಂಭಾಳಿಸಬಹುದು. ಆದರೆ ಆಫ್‌ಲೈನ್ ಇಲ್ಲ ಅನ್ನೋದಕ್ಕೆ ದಾರಿಯೇ ಇಲ್ಲ. ಗೂಗಲ್‌ನ ಸ್ವಂತ ಮ್ಯಾಪ್ ಆ್ಯಪಿನಲ್ಲಿ ಒಂದು ಪ್ರದೇಶವನ್ನು ಇಳಿಸಿಕೊಳ್ಳಬಹುದು. ನಾವು ಮಾಡುವ ಆ್ಯಪಿಗೆ ಸೇರಿಸಲು ಗೂಗಲ್ ಕೊಡುವ ಎಸ್‌ಡಿಕೆ ಅನ್ನೋ ಕೋಡಿನಲ್ಲಿ ಆ ಸೌಲಭ್ಯ ಇಲ್ಲ, ಮೊದಲೇ ಇಳಿಸಿ ಕೂಡಿಟ್ಟುಕೊಳ್ಳುವುದಕ್ಕೆ ನಿಯಮದ ಅನುಮತಿಯೂ ಇಲ್ಲ. ಹಳ್ಳಕ್ಕೆ ಇಳಿದ ರೈಟರ್‌ಗೆ ಬೇಕಾಗೋದು ಅದೇ.

ಫ್ಲಟರ್ ಮ್ಯಾಪ್ ಪ್ಯಾಕೇಜ್ ಪೂರ್ತಿ ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲೇ ಬರೆದದ್ದು. ಕೀ ಬೇಡ, ಕಾರ್ಡ್ ಬೇಡ. ಟೈಲ್ (ಮ್ಯಾಪಿನ ಚೌಕ ತುಂಡು) ಎಲ್ಲಿಂದ ಬರಬೇಕು ಅಂತ ಒಂದು ವಿಳಾಸ ಕೊಟ್ಟರೆ 256 ಪಿಕ್ಸೆಲ್‌ನ ಚೌಕ ಚಿತ್ರಗಳನ್ನು ಪಕ್ಕ ಪಕ್ಕ ಜೋಡಿಸುತ್ತದೆ. ಫ್ಲಟರ್ ತಾನೇ ಬಿಡಿಸುವುದರಿಂದ ಅದರ ಮೇಲೆ ಯಾವ ವಿಜೆಟ್ ಬೇಕಾದರೂ ಇಡಬಹುದು, ಮತ್ತು ನನ್ನನ್ನು ಗೆದ್ದಿದ್ದು ಇದೇ. ಬ್ಲಾಕಿನ ಹೆಸರು ಸಾದಾ ಟೆಕ್ಸ್ಟ್ ವಿಜೆಟ್. ಮಳೆ ಎಷ್ಟು ಇಂಚು ಬಂತು ಅನ್ನೋದು ಅದರ ಕೆಳಗೆ ಇನ್ನೊಂದು ಸಾಲು. ಆ್ಯಪಿನ ಬೇರೆ ಪರದೆಗಳಲ್ಲಿ ಕನ್ನಡ ಹೇಗೆ ಕಾಣುತ್ತದೋ ಮ್ಯಾಪಿನ ಮೇಲೂ ಹಾಗೇ ಕಾಣುತ್ತದೆ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ ಎಲ್ಲರಿಗೂ ಮುಕ್ತ, ಆದರೆ ಅವರ ಟೈಲ್ ಸರ್ವರ್ ಧರ್ಮಛತ್ರ ಅಲ್ಲ. ದೇಣಿಗೆಯಲ್ಲಿ ನಡೆಯುವ ಸರ್ವರ್ ಅದು. ಅಲ್ಲಿಂದ ರಾಶಿ ರಾಶಿ ಟೈಲ್ ಇಳಿಸಿಕೊಳ್ಳಬಾರದು, ನಿಮ್ಮ ಆ್ಯಪ್ ಯಾವುದು ಅಂತ ಯೂಸರ್ ಏಜೆಂಟ್‌ನಲ್ಲಿ (ಸರ್ವರ್‌ಗೆ ಕಳಿಸುವ ಪರಿಚಯದ ಸಾಲು) ಹೇಳಬೇಕು, ಮ್ಯಾಪಿನ ಮೂಲೆಯಲ್ಲಿ ಅವರ ಹೆಸರು ಕಾಣಬೇಕು. 2004ರಿಂದ ಜನ ಸಂಬಳವಿಲ್ಲದೆ ರಸ್ತೆ, ಕೆರೆ, ಊರು ಗುರುತಿಸಿ ಕಟ್ಟಿದ ಮ್ಯಾಪ್ ಇದು. ಆ ಒಂದು ಸಾಲನ್ನು ಮುಚ್ಚಿಡಬೇಡಿ.

ಹಾಗಾದ್ರೆ ಆಫ್‌ಲೈನ್‌ಗೆ ಟೈಲ್ ಎಲ್ಲಿಂದ? ನಾನು ಮಾಡಿದ್ದು ಹೀಗೆ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ಪ್ರದೇಶವಾರು ಕೊಡುವ ಜಿಯೋಫ್ಯಾಬ್ರಿಕ್ ತಾಣದಿಂದ ದಕ್ಷಿಣ ಭಾರತದ್ದು ಇಳಿಸಿಕೊಂಡು, ಮ್ಯಾಪ್ ತಯಾರಿಸುವ ಕ್ಯುಜಿಐಎಸ್ ತಂತ್ರಾಂಶದಲ್ಲಿ ತೆರೆದು, ನನಗೆ ಬೇಕಾದಷ್ಟೇ ಇಟ್ಟು ಬಣ್ಣ ಕೊಟ್ಟು, ಎಂಬಿಟೈಲ್ಸ್ (ಎಲ್ಲ ಟೈಲ್ ಒಟ್ಟಿಗೆ ಇಡುವ) ಫೈಲ್ ಮಾಡಿ ಆ್ಯಪಿಗೆ ಕೊಟ್ಟೆ. ಕ್ಯುಜಿಐಎಸ್ ಕನ್ನಡವನ್ನು ಸರಿಯಾಗಿ ಬಿಡಿಸುತ್ತದೆ. ಊರಿಗೆ ಕನ್ನಡ ಹೆಸರು ದಾಖಲಾಗಿದ್ದರೆ ಅದನ್ನೇ ಟೈಲ್‌ನಲ್ಲಿ ಅಚ್ಚು ಹಾಕಬಹುದು, ಇಲ್ಲದಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನೀವೇ ಸೇರಿಸಬಹುದು. ನಾನು ಸುತ್ತಮುತ್ತಲಿನ ಊರುಗಳದ್ದು ಸೇರಿಸಿದ್ದೇನೆ, ನೀವೂ ನಿಮ್ಮ ಕಡೆಯದ್ದು ಸೇರಿಸಿ.

ಚಿತ್ರದ ಟೈಲ್‌ಗೆ ತೊಂದರೆ ಇರೋದು ಗಾತ್ರದಲ್ಲಿ. ಝೂಮ್ ಒಂದು ಹಂತ ಏರಿದರೆ ಟೈಲ್ ನಾಲ್ಕು ಪಟ್ಟು. ಒಂದು ತೋಟಕ್ಕೆ ಇದು ಲೆಕ್ಕಕ್ಕೇ ಇಲ್ಲ: ಝೂಮ್ 18ರಲ್ಲಿ ನಮ್ಮ ಅಕ್ಷಾಂಶದಲ್ಲಿ ಒಂದು ಟೈಲ್ ಸುಮಾರು 150 ಮೀಟರ್ ಅಗಲ, 50 ಎಕರೆಗೆ ಒಂದಿಪ್ಪತ್ತು ಟೈಲ್ ಸಾಕು. ಆದರೆ ಚಿಕ್ಕಮಗಳೂರು ಜಿಲ್ಲೆ 7,201 ಚದರ ಕಿಲೋಮೀಟರ್. ಇಡೀ ಜಿಲ್ಲೆಗೆ ಝೂಮ್ 16ಕ್ಕೇ 20 ಸಾವಿರ ಟೈಲ್ ದಾಟುತ್ತದೆ, 18ಕ್ಕೆ ಹೋದರೆ ಮೂರು ಲಕ್ಷದ ಮೇಲೆ. ಇನ್ನೊಂದು ಸಣ್ಣ ಕಿರಿಕಿರಿ, ಮ್ಯಾಪ್ ತಿರುಗಿಸಿದರೆ ಅಚ್ಚಾದ ಹೆಸರೂ ಅದರ ಜೊತೆ ತಲೆಕೆಳಗಾಗುತ್ತದೆ. ನಾನು ತಿರುಗಿಸುವುದನ್ನೇ ಬಂದ್ ಮಾಡಿದೆ.

ಮ್ಯಾಪ್‌ಲಿಬ್ರೆಗೆ ಈ ಗಾತ್ರದ ತೊಂದರೆ ಇಲ್ಲ. 2020ರ ಡಿಸೆಂಬರ್‌ನಲ್ಲಿ ಮ್ಯಾಪ್‌ಬಾಕ್ಸ್ ಕಂಪನಿ ತನ್ನ ಮ್ಯಾಪ್ ಕೋಡಿನ ಲೈಸೆನ್ಸ್ ಬದಲಾಯಿಸಿದಾಗ, ಅದಕ್ಕೂ ಮೊದಲಿನ ಮುಕ್ತ ಕೋಡ್ ಹಿಡಿದು ಸಮುದಾಯ ಬೆಳೆಸಿದ್ದು ಇದು. ಇಲ್ಲಿ ಟೈಲ್ ಅಂದರೆ ಚಿತ್ರ ಅಲ್ಲ, ಗೆರೆಗಳ ಮಾಹಿತಿ. ಸಾಮಾನ್ಯವಾಗಿ ಝೂಮ್ 14ರವರೆಗೆ ಮಾಡಿಟ್ಟರೆ ಸಾಕು, ಅದರ ಮೇಲಕ್ಕೆ ಫೋನೇ ಹಿಗ್ಗಿಸಿ ಬಿಡಿಸಿಕೊಳ್ಳುತ್ತದೆ, ಮಸುಕಾಗುವುದಿಲ್ಲ. ಇಡೀ ಜಿಲ್ಲೆಗೆ ಆ ಹಂತದಲ್ಲಿ 1,300ರ ಆಸುಪಾಸು ಟೈಲ್. ಗುಡ್ಡದ ನೆರಳು ಹಾಕುವ ಪದರವೂ ಇದೆ. ಬಾಬಾಬುಡನ್‌ಗಿರಿ ಸಾಲು, ಚಾರ್ಮಾಡಿ ಕಡೆಯ ಇಳಿಜಾರು ಅದರಲ್ಲಿ ಕಂಡಷ್ಟು ಚೆನ್ನಾಗಿ ನನಗೆ ಬೇರೆಲ್ಲೂ ಕಾಣಲಿಲ್ಲ. ಆಫ್‌ಲೈನ್ ಪ್ರದೇಶ ಇಳಿಸಿಕೊಳ್ಳುವ ಸೌಲಭ್ಯ ಪ್ಯಾಕೇಜ್‌ನಲ್ಲೇ ಇದೆ. ಇಷ್ಟೆಲ್ಲ ನೋಡಿ ಇದೇ ಸಾಕು ಅಂದುಕೊಂಡಿದ್ದೆ.

ಆಮೇಲೆ ಕನ್ನಡ ಹೆಸರು ಹಾಕಿದೆ. ನಾನು ಬಳಸಿದ ಆವೃತ್ತಿಯಲ್ಲಿ 'ಚಿಕ್ಕಮಗಳೂರು' ಬಂದಿದ್ದು ಹೀಗೆ: ಚ ಬೇರೆ, ಗುಡಿಸು ಬೇರೆ, ಕ, ಅದರ ಪಕ್ಕ ಒಂದು ಅರ್ಧಾಕ್ಷರದ ಗುರುತು, ಮತ್ತೆ ಇನ್ನೊಂದು ಕ. ಕೆಳಗೆ ಇರಬೇಕಾದ ಒತ್ತು ಸಾಲಿನಲ್ಲಿ ನಿಂತುಬಿಟ್ಟಿತ್ತು. ಹಾಸನ ಹೇಗೋ ಓದಬಹುದು. ಮುಳ್ಳಯ್ಯನಗಿರಿ, ಕೊಟ್ಟಿಗೆಹಾರ, ಶೃಂಗೇರಿ ಇವನ್ನು ಓದೋಕಾಗೋದಿಲ್ಲ. ಕಾರಣ ಇಷ್ಟೇ: ಇದಕ್ಕೆ ಫಾಂಟ್ ಬರೋದು ಯುನಿಕೋಡ್ ಸಂಖ್ಯೆಯ (ಕಂಪ್ಯೂಟರ್ ಪ್ರತಿ ಅಕ್ಷರಕ್ಕೆ ಕೊಡುವ ಸಂಖ್ಯೆ) ಲೆಕ್ಕದಲ್ಲಿ, 256 ಅಕ್ಷರಗಳ ಒಂದೊಂದು ಕಂತಾಗಿ. ನಮ್ಮ ಒತ್ತಕ್ಷರಕ್ಕೆ, ಗುಣಿತಾಕ್ಷರಕ್ಕೆ ಅಂತ ಬೇರೆ ಯುನಿಕೋಡ್ ಸಂಖ್ಯೆ ಇಲ್ಲ. ಅವು ಫಾಂಟಿನ ಒಳಗಿನ ಜೋಡಣೆ ನಿಯಮದಿಂದ ಹುಟ್ಟುತ್ತವೆ, ಆ ಜೋಡಣೆ ಮಾಡುವ ಹಂತವೇ ಇಲ್ಲದಿದ್ದರೆ ಅಕ್ಷರ ಬಿಡಿ ಬಿಡಿಯಾಗಿ ಬೀಳುತ್ತದೆ. ತೋಟದ ಯಜಮಾನರಿಗೆ ಆ ಪರದೆ ತೋರಿಸಿದಾಗ, "ಮಾರಾಯ, ನಮ್ಮೂರ ಹೆಸರನ್ನೇ ಒಡೆದು ಹಾಕಿದ್ಯಲ್ಲ" ಅಂದರು. ಇಂಗ್ಲಿಷ್‌ನಲ್ಲೇ ಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಲೆಕ್ಕ ಬರೆಯುವ ರೈಟರ್ ತನ್ನ ಊರನ್ನು ಇಂಗ್ಲಿಷ್‌ನಲ್ಲಿ ಯಾಕೆ ಹುಡುಕಬೇಕು?

ದಾರಿ ಒಂದಿದೆ. ಹೆಸರುಗಳನ್ನು ಫ್ಲಟರ್‌ನಲ್ಲೇ ಚಿತ್ರ ಮಾಡಿ, ಆ ಚಿತ್ರವನ್ನು ಮ್ಯಾಪಿನ ಶೈಲಿಗೆ ಸೇರಿಸಿ, ಅಕ್ಷರದ ಬದಲು ಐಕಾನ್ ಆಗಿ ತೋರಿಸಬಹುದು. ಹತ್ತಾರು ಹೆಸರಿಗೆ ಪರವಾಗಿಲ್ಲ. ಜಿಲ್ಲೆಯ ಎಲ್ಲ ಊರಿಗೂ ಮಾಡುತ್ತಾ ಕೂರುವ ಕೆಲಸ ಅಲ್ಲ.

ಓಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗೂಗಲ್ ಮತ್ತು ಮ್ಯಾಪ್‌ಲಿಬ್ರೆ ಎರಡೂ ಆಂಡ್ರಾಯ್ಡ್‌ಗೆ, ಐಫೋನ್‌ಗೆ ಅಂತಲೇ ಬರೆದ ತಮ್ಮ ಮ್ಯಾಪನ್ನು ಫ್ಲಟರ್ ಒಳಗೆ ಕೂರಿಸುತ್ತವೆ, ಹಾಗಾಗಿ ರೈಟರ್ ಫೋನಿನಲ್ಲಿ ಪರದೆ ತೆರೆಯುವಾಗ ಸ್ವಲ್ಪ ತಡವರಿಸುತ್ತವೆ, ತೆರೆದ ಮೇಲೆ ನಯವಾಗಿ ಓಡುತ್ತವೆ. ಉದ್ದ ಪಟ್ಟಿಯ ಮಧ್ಯೆ ಮ್ಯಾಪ್ ಇಟ್ಟರೆ ಬೆರಳು ಎಳೆದಾಗ ಮ್ಯಾಪಿನ ಬದಲು ಪಟ್ಟಿ ಸರಿಯುತ್ತದೆ, ಅದಕ್ಕೆ ಬೆರಳಿನ ಎಳೆತ ಮ್ಯಾಪಿಗೇ ಸಿಗುವಂತೆ ಮಾಡುವ ಜೆಸ್ಚರ್ ರೆಕಗ್ನೈಸರ್ ಕೊಡಬೇಕು. ಫ್ಲಟರ್ ಮ್ಯಾಪ್ ತಕ್ಷಣ ತೆರೆಯುತ್ತದೆ, ಆದರೆ ಗಡಿಯಲ್ಲಿ ಸಾವಿರಾರು ಬಿಂದು ಇದ್ದರೆ ಎಳೆಯುವಾಗ ಜಗ್ಗುತ್ತದೆ. ನಡೆದು ಗುರುತಿಸಿದ ಗಡಿಯಲ್ಲಿ ಹೀಗೇ ಆಗೋದು, ಮರದ ಕೆಳಗೆ ಜಿಪಿಎಸ್ ಅತ್ತಿತ್ತ ಹಾರುತ್ತದೆ. ಫೋನ್ ಹೇಳುವ ನಿಖರತೆ 15 ಮೀಟರ್‌ಗಿಂತ ಕೆಟ್ಟಿದ್ದರೆ ಆ ಬಿಂದುವನ್ನು ನಾನು ಬಿಟ್ಟುಬಿಡುತ್ತೇನೆ, ಉಳಿದದ್ದನ್ನು ಸರಳ ಮಾಡಿ ಬಿಡಿಸುತ್ತೇನೆ.

ತೋಟದ ಆ್ಯಪಿಗೆ ಫ್ಲಟರ್ ಮ್ಯಾಪನ್ನೇ ಆರಿಸಿದೆ, ತೋಟಕ್ಕೊಂದು ಎಂಬಿಟೈಲ್ಸ್ ಫೈಲ್ ಜೊತೆ. ಹೋಮ್‌ಸ್ಟೇಗೆ ಬರುವ ಅತಿಥಿಗಳಿಗೆ ದಾರಿ ತೋರಿಸುವ ಆ್ಯಪ್ ಯಾರಾದರೂ ಕೇಳಿದರೆ ಸುಮ್ನೆ ಗೂಗಲ್ ಹಾಕುತ್ತೇನೆ, ಅವರು ಬರೋದು ಹೆದ್ದಾರಿಯಲ್ಲಿ, ಅವರಿಗೆ ಬೇಕಾಗಿರೋದು ದಾರಿ. ಚಾರಣಕ್ಕೆ, ಅಥವಾ ಇಡೀ ಜಿಲ್ಲೆಯ ಮ್ಯಾಪ್ ಆಫ್‌ಲೈನ್ ಬೇಕು ಅನ್ನುವವರಿಗೆ ಮ್ಯಾಪ್‌ಲಿಬ್ರೆ, ಕನ್ನಡ ಹೆಸರಿಗೆ ಚಿತ್ರದ ದಾರಿ ಹಿಡಿದು.

ಒತ್ತಕ್ಷರದ ಜೋಡಣೆ ಮ್ಯಾಪ್‌ಲಿಬ್ರೆಯಲ್ಲಿ ಸರಿಯಾಗಿ ಕಂಡ ದಿನ ನಾನು ಬದಲಾಯಿಸಿಕೊಳ್ಳುತ್ತೇನೆ. ಅದಕ್ಕೇ ಗಡಿ, ಬ್ಲಾಕು ಯಾವುದನ್ನೂ ಮ್ಯಾಪ್ ಪ್ಯಾಕೇಜ್‌ನ ರೂಪದಲ್ಲಿ ಉಳಿಸಿಲ್ಲ, ಎಲ್ಲ ಜಿಯೋಜೇಸನ್‌ನಲ್ಲಿದೆ (ಯಾವ ಮ್ಯಾಪ್ ಪ್ಯಾಕೇಜಿಗೂ ಸೇರದ ಸಾಮಾನ್ಯ ಫೈಲ್ ರೂಪ). ನೀವೂ ಹಾಗೇ ಇಡಿ, ಆದರೆ ಒಂದು ನೋಡಿಕೊಳ್ಳಿ: ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಫ್ಲಟರ್ ಪ್ಯಾಕೇಜ್‌ಗಳಲ್ಲಿ ಅಕ್ಷಾಂಶ ಮೊದಲು. ನಮ್ಮ 13, 75 ಅದಲು ಬದಲಾದರೆ ತೋಟ ನಾರ್ವೆಯ ಉತ್ತರದ ಸಮುದ್ರದಲ್ಲಿ ಕಾಣುತ್ತದೆ.