ನಿಫೆಡಿಪಿನ್ ಆಸ್ಮಾಟಿಕ್ ಮಾತ್ರೆ, ಏಳು ವರ್ಷದ ಬಳಕೆಯ ನಂತರ

ರಕ್ತದೊತ್ತಡಕ್ಕೆಂದು ಇದನ್ನು ಶುರು ಮಾಡಿದ ಮೊದಲ ವಾರವೇ ಮಲದಲ್ಲಿ ಮಾತ್ರೆ ಇಡಿಯಾಗಿ ಕಂಡಿತು. ಆಸ್ಮಾಟಿಕ್ ಎಂದರೆ ನೀರು ಹೀರಿ, ಆ ಒತ್ತಡದಿಂದ ಔಷಧವನ್ನು ಮೆಲ್ಲಗೆ ಹೊರದೂಡುವ ಬಗೆ. ಔಷಧ ಮೈಗೆ ಹತ್ತದೆ ಹಾಗೆಯೇ ಹೊರಬಂದಿತೆಂದು ಗಾಬರಿಯಾಗಿ ವೈದ್ಯರಿಗೆ ಫೋನ್ ಮಾಡಿದೆ. ಅದು ಬರೀ ಚಿಪ್ಪು, ಒಳಗಿದ್ದ ಔಷಧ ಆಗಲೇ ರಕ್ತ ಸೇರಿದೆ ಎಂದರು. ಈಗ ಆ ಚಿಪ್ಪಿನ ಮೇಲೆ ನನಗೆ ಪೂರ್ತಿ ಭರವಸೆಯಿದೆ.

ಇದಕ್ಕೆ ಮೊದಲು ದಿನಕ್ಕೆರಡು ಬಾರಿಯ ನಿಫೆಡಿಪಿನ್ ನುಂಗುತ್ತಿದ್ದೆ. ಒಂದೆರಡು ಗಂಟೆಯೊಳಗೆ ಮುಖಕ್ಕೆ ಬಿಸಿಯೇರಿ ತಲೆ ಸಿಡಿಯುತ್ತಿತ್ತು. ಮುಂದಿನ ಮಾತ್ರೆಯ ಹೊತ್ತಿಗೆ ಬಿಪಿ ಮತ್ತೆ ಮೇಲೆ. ಈ ಔಷಧದ ಅರ್ಧಾಯುಷ್ಯವೇ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಹಿಡಿಯುವ ಹೊತ್ತೇ, ಸುಮಾರು 2 ಗಂಟೆ. ಬಂದಷ್ಟೇ ಬೇಗ ಖಾಲಿಯಾಗುವ ಅದನ್ನು 24 ಗಂಟೆಗೆ ಹಂಚಿ ಕೊಡುವುದು ಈ ಮಾತ್ರೆಯ ಕೆಲಸ.

ಭೂತಗನ್ನಡಿಯಲ್ಲಿ ನೋಡಿದರೆ ಒಂದು ಮುಖದಲ್ಲಿ ಲೇಸರ್‌ನಿಂದ ಕೊರೆದ ಪುಟ್ಟ ತೂತು ಕಾಣುತ್ತದೆ. ಸೆಲ್ಯುಲೋಸ್ ಅಸಿಟೇಟಿನ ಹೊರಪೊರೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಔಷಧವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಒಳಗೆ ಎರಡು ಪದರ. ಔಷಧದ ಪದರ ನೀರು ಕುಡಿದು ಕದಡಿದ ದ್ರವವಾಗುತ್ತದೆ. ಅದರ ಹಿಂದಿನದು ನೀರು ಹೀರಿ ಉಬ್ಬುತ್ತ ಆ ದ್ರವವನ್ನು ತೂತಿನಿಂದ ಹೊರಕ್ಕೆ ತಳ್ಳುತ್ತದೆ, ಗಂಟೆಗೆ ಹೆಚ್ಚೂಕಡಿಮೆ ಅಷ್ಟಷ್ಟೇ. ಹೊಟ್ಟೆಯ ಆಮ್ಲ ಹೆಚ್ಚಿರಲಿ ಕಡಿಮೆಯಿರಲಿ, ಈ ವೇಗ ಅಷ್ಟಾಗಿ ಕದಲುವುದಿಲ್ಲ. ಆಲ್ಜಾ ಕಂಪನಿ 1970ರ ದಶಕದಲ್ಲಿ ರೂಪಿಸಿದ ಆಸ್ಮಾಟಿಕ್ ಪಂಪ್ ಇದರ ಮೂಲ. ನಿಫೆಡಿಪಿನ್ ತುಂಬಿದ ಮಾತ್ರೆಗೆ ಅಮೆರಿಕದಲ್ಲಿ 1989ರಲ್ಲಿ ಅನುಮತಿ ಸಿಕ್ಕಿತು. ಇಷ್ಟು ಸಣ್ಣ ವಸ್ತುವಿನೊಳಗೆ ಇಷ್ಟೊಂದು ಯೋಚನೆ ಅಡಗಿರುವುದು ನನಗೆ ಇಂದಿಗೂ ಬೆರಗು.

ಇದನ್ನು ತಿಳಿಯದವರು ಮಾಡುವ ತಪ್ಪು ಭಯಂಕರವಾದದ್ದು. ನನ್ನ ಚಿಕ್ಕಪ್ಪ ಇದೇ ಮಾತ್ರೆಯನ್ನು ನುಂಗಲಾಗದೆಂದು ಕುಟ್ಟಿ ಪುಡಿಮಾಡಿ ಕುಡಿದರು. ದಿನವಿಡೀ ಬರಬೇಕಾದ ಔಷಧ ಒಂದೇ ಸಲಕ್ಕೆ ರಕ್ತಕ್ಕಿಳಿದು, ಕುರ್ಚಿಯಿಂದ ಏಳುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದರು. ದಯವಿಟ್ಟು ಇದನ್ನು ಮುರಿಯಬೇಡಿ, ಅಗಿಯಬೇಡಿ. ನುಂಗಲು ಕಷ್ಟವಾದರೆ ವೈದ್ಯರಿಂದ ಬೇರೆ ಔಷಧ ಬರೆಸಿಕೊಳ್ಳಿ.

ಕೊರತೆಗಳೂ ಇವೆ. ಸಂಜೆಗೆ ಕಾಲಿನ ಹರಡಿನ ಬಳಿ ಊತ ನನಗೆ ಇನ್ನೂ ಇದೆ. ಅದು ಔಷಧದ ಗುಣ, ಪಂಪ್ ಅದನ್ನು ಅಳಿಸಲಾರದು. ಅರ್ಧ ಮಾಡುವಂತಿಲ್ಲವಾದ್ದರಿಂದ 30 ಸಾಲದಿದ್ದರೆ ನೇರವಾಗಿ 60 ಮಿಲಿಗ್ರಾಂ. ಕರುಳು ಕಿರಿದಾಗಿರುವವರಿಗೆ ಕರಗದ ಈ ಚಿಪ್ಪು ಅಪಾಯ.

ಒಮ್ಮೆ ಔಷಧದ ಅಂಗಡಿಯಲ್ಲಿ ಅದೇ ನಿಫೆಡಿಪಿನ್, ಅದೇ 30 ಮಿಲಿಗ್ರಾಂ ಎಂದು ಬೇರೆ ಬಗೆಯ ಮಾತ್ರೆ ಕೊಟ್ಟರು. ಎರಡನೇ ದಿನವೇ ಮುಖದ ಹಳೆಯ ಬಿಸಿ ಮರಳಿತು. ಅಂದಿನಿಂದ ಮಾತ್ರೆಯ ಪಟ್ಟಿಯ ಹಿಂಬದಿ ತಿರುಗಿಸಿ, ಔಷಧ ಬಿಡುಗಡೆಯಾಗುವ ಬಗೆ ಯಾವುದೆಂದು ಓದಿದ ಮೇಲೆಯೇ ಹಣ ಕೊಡುತ್ತೇನೆ.