ಪದಬಂಧ, ಸುಡೊಕು, ಜೋಡಿ ಚೀಟಿ: ನೆನಪಿಗೆ ನಿಜವಾಗಿ ಕೆಲಸ ಕೊಡುವುದು ಯಾವುದು?

ಮನೆಯಲ್ಲಿ ಹಿರಿಯರಿಗೆ ಮರೆವು ಜಾಸ್ತಿಯಾಗಿದೆ ಅಂದ ಕೂಡಲೇ ಯಾರಾದರೂ ಒಂದು ಸುಡೊಕು ಪುಸ್ತಕ ತಂದು ಕೈಗಿಡುತ್ತಾರೆ. ಸುಡೊಕು ಒಳ್ಳೆಯದೇ, ಆದರೆ ಅದು ನೆನಪಿನ ಆಟ ಅಲ್ಲ. ಅಮ್ಮನಿಗೆ ಎಪ್ಪತ್ತು ದಾಟಿದೆ, ನನಗೂ ಈಗ ಪರಿಚಯದವರ ಹೆಸರು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಇಬ್ಬರೂ ಕೂತು ಕಾಗದದ ಆಟಗಳನ್ನು ಒಂದಾದ ಮೇಲೊಂದು ಆಡಿ ನೋಡಿದೆವು. ಪ್ರತಿಯೊಂದರಲ್ಲೂ ನಾನು ಗಮನಿಸಿದ್ದು ಒಂದೇ ವಿಷಯ: ಉತ್ತರ ಹಾಳೆಯ ಮೇಲೇ ಇದೆಯಾ, ಇಲ್ಲಾ ತಲೆಯೊಳಗಿಂದ ತೆಗೆಯಬೇಕಾ?

ಅಕ್ಷರಗಳ ಚೌಕದಲ್ಲಿ ಪದ ಹುಡುಕುವ ಆಟ ಈ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ಪದಗಳ ಪಟ್ಟಿ ಪಕ್ಕದಲ್ಲೇ ಇರುತ್ತದೆ, ಕಣ್ಣು ಓಡಿಸಿದರೆ ಸಾಕು. ಬೇಸರ ಕಳೆಯುತ್ತದೆ, ಗಮನ ನಿಲ್ಲುತ್ತದೆ, ಅಷ್ಟೇ.

ಸುಡೊಕು ಅದಕ್ಕಿಂತ ಎಷ್ಟೋ ಗಟ್ಟಿ. ಆದರೆ 81 ಮನೆಗಳಲ್ಲಿ ಕಡಿಮೆ ಅಂದರೆ 17 ಅಂಕಿ ಕೊಟ್ಟಿದ್ದರೂ ಒಂದೇ ಉತ್ತರ ಬರುವ ಹಾಗೆ ಅದನ್ನು ಕಟ್ಟಬಹುದು. ಅಂದರೆ ಬಿಡಿಸಲು ಬೇಕಾದದ್ದೆಲ್ಲ ಎದುರಿಗೇ ಇದೆ, ಹಳೆಯದೇನನ್ನೂ ಜ್ಞಾಪಿಸಿಕೊಳ್ಳಬೇಕಿಲ್ಲ. ಅಲ್ಲಿ ದುಡಿಯುವುದು ತರ್ಕ. ಲೆಕ್ಕ ಇಷ್ಟಪಡುವವರು ಖಂಡಿತ ಆಡಲಿ. ಅಮ್ಮ ಮಾತ್ರ ನಾಲ್ಕು ಸಾಲು ತುಂಬಿಸುವಷ್ಟರಲ್ಲಿ ಪೆನ್ಸಿಲ್ ಕೆಳಗಿಡುತ್ತಿದ್ದರು.

ಪದಬಂಧ ಬಂದಾಗ ಅವರ ಮುಖವೇ ಬೇರೆ. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಶುರುಮಾಡಿದ ಈ ಆಟ ಇಷ್ಟು ವರ್ಷ ಉಳಿದಿರುವುದಕ್ಕೆ ಕಾರಣ ಇದೆ. ಸುಳಿವು ಓದಿದ ಮೇಲೆ ಪದ ನಮ್ಮೊಳಗಿಂದಲೇ ಬರಬೇಕು. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಒತ್ತು ಗುಣಿತ ಸಮೇತ. ಅಡ್ಡಸಾಲಿನಿಂದ 'ಸ್ತ್ರ' ಸಿಕ್ಕಿಬಿಟ್ಟರೆ ವಸ್ತ್ರ, ಶಾಸ್ತ್ರ, ಅಸ್ತ್ರ ಅಂತ ನಾಲ್ಕೈದರಲ್ಲಿ ಒಂದನ್ನು ಆರಿಸಿದರಾಯಿತು, ಬರೀ 'ಕ' ಸಿಕ್ಕರೆ ಮಾತ್ರ ತಲೆ ನಿಜವಾಗಿ ತಡಕಾಡುತ್ತದೆ. ಆ ತಡಕಾಟವೇ ನಮಗೆ ಬೇಕಾದದ್ದು, ಅಲ್ವಾ? ಅದಕ್ಕೇ ಉತ್ತರದ ಪುಟವನ್ನು ಹರಿದು ಬೇರೆ ಇಟ್ಟೆ. ಒಂದು ಮಿತಿಯಿದೆ: ಪದಬಂಧ ಎಬ್ಬಿಸುವುದು ಹಳೆಯ ತಿಳಿವಳಿಕೆಯನ್ನು. ನಿನ್ನೆ ಪರಿಚಯವಾದವರ ಹೆಸರಿಗೆ ಅದರಿಂದ ಉಪಕಾರವಾಗಿದ್ದು ನನಗೆ ಕಾಣಲಿಲ್ಲ.

ಹೊಸದನ್ನು ಹಿಡಿದಿಡಲು ಮೂರು ಆಟ ಆಡಿದೆವು. ಮೊದಲನೆಯದು ಜೋಡಿ ಚೀಟಿ. ಒಂದೇ ಚಿತ್ರದ ಎರಡೆರಡು ಚೀಟಿ ಮಾಡಿ, ಎಲ್ಲವನ್ನೂ ಬೋರಲು ಹಾಕಿ, ಜೋಡಿ ಹುಡುಕುವುದು. ಆರು ಜೋಡಿಯಿಂದ ಶುರುಮಾಡಿ. ಮೊಮ್ಮಕ್ಕಳ ಜೊತೆ ಆಡಲು ಇದರಷ್ಟು ಚೆನ್ನಾಗಿರುವುದು ಬೇರೆ ಇಲ್ಲ. ಆದರೆ ಆಟ ಮುಗಿದ ಮೇಲೆ ಯಾವ ಚೀಟಿ ಎಲ್ಲಿತ್ತು ಅನ್ನುವುದರಿಂದ ಯಾರಿಗೂ ಏನೂ ಆಗಬೇಕಿಲ್ಲ.

ಎರಡನೆಯದು ನೋಡಿ, ಮುಚ್ಚಿ, ಬರೆಯುವುದು. ಹಾಳೆಯಲ್ಲಿ ಹನ್ನೆರಡು ವಸ್ತುಗಳ ಚಿತ್ರ: ಬೀಗ, ಛತ್ರಿ, ಕತ್ತರಿ, ಕನ್ನಡಕ ಹೀಗೆ. ಒಂದು ನಿಮಿಷ ನೋಡಿ ಹಾಳೆ ಮಗುಚಿ, ನೆನಪಿದ್ದಷ್ಟು ಬರೆಯಬೇಕು. ಸುಮ್ನೆ ನೋಡಿದಾಗ ಅಮ್ಮನಿಗೆ ಐದಾರರ ಮೇಲೆ ಬರುತ್ತಿರಲಿಲ್ಲ. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು: ಬೀಗ ಹಾಕಿ ಹೊರಟೆ, ಮಳೆ ಬಂತು, ಛತ್ರಿ ಬಿಚ್ಚಿದೆ, ಕನ್ನಡಕ ಬಿತ್ತು ಅಂತ ಕಥೆ ಕಟ್ಟತೊಡಗಿದರು, ಬರೆಯುವಾಗ ಕಥೆಯ ಎಳೆ ಹಿಡಿದು ಒಂದೊಂದೇ ವಸ್ತು ಹೊರಗೆ ಬಂತು.

ಮೂರನೆಯದೇ ನನ್ನ ಆಯ್ಕೆ: ಪ್ರಶ್ನೆ ಒಂದು ಬದಿ, ಉತ್ತರ ಇನ್ನೊಂದು ಬದಿ ಇರುವ ಚೀಟಿಗಳು, ಜೊತೆಗೆ ಮೂರು ಡಬ್ಬಿ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಮೊದಲ ಡಬ್ಬಿ ದಿನಾ ತೆಗೆಯುವುದು, ಎರಡನೆಯದು ಎರಡು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರ ಪ್ರಚಾರಕ್ಕೆ ತಂದ ವಿಧಾನ ಇದು. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಲ ಕೊಡುತ್ತದೆ: ಐದು ನಿಮಿಷದ ನಂತರ ಕೇಳಿದರೆ ಪಾಠವನ್ನು ಮತ್ತೆ ಓದಿಕೊಂಡವರೇ ಮುಂದಿದ್ದರು, ವಾರ ಕಳೆದು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದೆ ಬಂದರು. ಚೀಟಿಯಲ್ಲಿ ಏನು ಬರೆಯಬೇಕು ಅನ್ನುವುದು ನಮ್ಮ ಕೈಯಲ್ಲಿದೆ, ಇದರ ಹೆಚ್ಚುಗಾರಿಕೆಯೂ ಅದೇ. "ಮೂಲೆ ಮನೆ, ಬಿಳಿ ನಾಯಿ" ಅಂತ ಈ ಕಡೆ, ಆ ಮನೆಯವರ ಹೆಸರು ಆ ಕಡೆ. ಮಾತ್ರೆ ಯಾವುದಕ್ಕೆ, ಮೊಮ್ಮಗಳ ಹುಟ್ಟಿದ ದಿನ ಯಾವಾಗ, ಎಲ್ಲ ಸೇರಿಸಿದೆವು. ಬೇರೆ ಯಾವ ಆಟದ ಫಲವೂ ಹೀಗೆ ನೇರವಾಗಿ ದಿನದ ಬದುಕಿಗೆ ಬರಲಿಲ್ಲ.

ಇವೆಲ್ಲ ಮರೆವಿನ ಕಾಯಿಲೆ ತಡೆಯುವ ಔಷಧಿ ಅಲ್ಲ. 65 ದಾಟಿದ 2,832 ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವುದರಲ್ಲಿ ತರಬೇತಿ ಪಡೆದರೋ ಅದರಲ್ಲೇ ಜನ ಸುಧಾರಿಸಿದರು, ಬೇರೆಯದಕ್ಕೆ ಅದು ಹರಡಲಿಲ್ಲ. ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ, ಕೇಳಿದ್ದನ್ನೇ ಪದೇ ಪದೇ ಕೇಳುತ್ತಿದ್ದರೆ ಆಟ ಹುಡುಕಬೇಡಿ, ವೈದ್ಯರ ಹತ್ತಿರ ಹೋಗಿ.

ಯಾವುದನ್ನೇ ಆರಿಸಿದರೂ ಅಕ್ಷರ ದೊಡ್ಡದಿರಲಿ, ಮನೆಗಳು ಅಗಲವಾಗಿರಲಿ. ಕೈ ನಡುಗುವವರು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಪಕ್ಕದಲ್ಲಿ ಕೂತು ಉತ್ತರ ಮಾತ್ರ ಬೇಗ ಹೇಳಿಕೊಡಬೇಡಿ.