ಹುಬೈ ವಸ್ತುಸಂಗ್ರಹಾಲಯದ ಕಂಚಿನ ಗಂಟೆಗಳು: ಬಾರಿಸಿದವರನ್ನು ಅರಸುತ್ತಾ

ಪ್ರಾಚೀನ ಚೀನಾದ ಆಸ್ಥಾನ ಸಂಗೀತಗಾರರ ಬದುಕನ್ನು ಹತ್ತಿರದಿಂದ ಅರಿಯಬೇಕೆನ್ನುವವರು ವುಹಾನ್ ನಗರದ ಹುಬೈ ಪ್ರಾಂತೀಯ ವಸ್ತುಸಂಗ್ರಹಾಲಯವನ್ನು ಒಮ್ಮೆಯಾದರೂ ನೋಡಬೇಕು. ಝೆಂಗ್ ಎಂಬ ಚಿಕ್ಕ ರಾಜ್ಯದ ಒಡೆಯನಾಗಿದ್ದ ಯಿ ಎಂಬವನ ಸಮಾಧಿಯನ್ನು 1978ರಲ್ಲಿ ಸುಯಿಝೌ ಬಳಿ ಅಗೆದಾಗ ದೊರೆತ ವಾದ್ಯಗಳು ಇಲ್ಲಿವೆ. ಪ್ರವೇಶ ಉಚಿತ.

ಮೂರು ಅಂತಸ್ತಿನ ಚೌಕಟ್ಟಿನಲ್ಲಿ ತೂಗುವ 65 ಕಂಚಿನ ಗಂಟೆಗಳೇ ಇಲ್ಲಿನ ಮುಖ್ಯ ಆಕರ್ಷಣೆ. ಅತಿ ಚಿಕ್ಕದು ಎರಡೂವರೆ ಕಿಲೋಗಿಂತ ಹಗುರ, ಅತಿ ದೊಡ್ಡದು 200 ಕಿಲೋಗೂ ಮಿಗಿಲು. ಗಂಟೆಯ ಬಾಯಿ ದುಂಡಗಿರದೆ ಬಾದಾಮಿಯ ಆಕಾರದಲ್ಲಿರುವುದರಿಂದ ನಡುವೆ ಹೊಡೆದರೆ ಒಂದು ಸ್ವರ, ಪಕ್ಕದಲ್ಲಿ ಹೊಡೆದರೆ ಇನ್ನೊಂದು ಸ್ವರ ಹೊರಡುತ್ತದೆ. ಯಾವ ಜಾಗಕ್ಕೆ ಯಾವ ಸ್ವರವೆಂಬುದನ್ನು ಗಂಟೆಯ ಮೇಲೆಯೇ ಬರೆದಿದ್ದಾರೆ. ಗೋಂಗ್, ಶಾಂಗ್, ಜುಯೆ, ಝಿ, ಯು ಎಂಬ ಅವರ ಐದು ಮೂಲ ಸ್ವರಗಳು ನಮ್ಮ ಮೋಹನ ರಾಗದ ಸ್ವರಗಳೇ.

ಆದರೆ ನಾನು ಬಹಳ ಹೊತ್ತು ನಿಂತದ್ದು ಗಂಟೆಗಳ ಜೊತೆ ಸಿಕ್ಕ ಆರು ಮರದ ಕೊಡತಿಗಳನ್ನೂ ಎರಡು ಉದ್ದನೆಯ ದಂಡಗಳನ್ನೂ ಕುರಿತು ಯೋಚಿಸುತ್ತಾ. ಕೊಡತಿ ಹಿಡಿದು ಮೇಲಿನ ಸಾಲುಗಳನ್ನು ನುಡಿಸುವವರು ಕೆಲವರು, ದಂಡದಿಂದ ಕೆಳಗಿನ ಭಾರದ ಗಂಟೆಗಳನ್ನು ನುಡಿಸುವವರು ಬೇರೆಯವರು. ಹೀಗೆ ಹಲವರ ಕೈಗಳು ಒಂದೇ ಲಯಕ್ಕೆ ಕೂಡಬೇಕಿದ್ದರೆ ಅದರ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿದ್ದೀತು! ಒಂದು ಗಂಟೆಯ ಮೇಲೆ ಅದನ್ನು ಕ್ರಿ.ಪೂ. 433ರಲ್ಲಿ ಮಾಡಿಸಿದ ಚೂ ರಾಜ್ಯದ ಅರಸನ ಉಲ್ಲೇಖವಿದೆ, ಉಳಿದವುಗಳಲ್ಲಿ ಹಲವುದರ ಮೇಲೆ ಯಿಯ ಹೆಸರಿದೆ, ಸ್ವರಗಳ ಹೆಸರಿದೆ. ನುಡಿಸಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಒಡೆಯನೊಂದಿಗೆ 21 ಮಂದಿ ಎಳೆಯ ಹೆಣ್ಣುಮಕ್ಕಳನ್ನೂ ಸಮಾಧಿ ಮಾಡಲಾಗಿತ್ತು. ಅವರಲ್ಲಿ ಕೆಲವರು ವಾದಕಿಯರೋ ನರ್ತಕಿಯರೋ ಆಗಿದ್ದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಇದನ್ನು ತಿಳಿದ ಮೇಲೆ ಆ ಗಂಟೆಗಳನ್ನು ಮೊದಲಿನಂತೆ ನೋಡಲು ನನ್ನಿಂದಾಗಲಿಲ್ಲ.

ನಾವು ಹಣ ಕೊಟ್ಟು ಗೊತ್ತುಮಾಡಿಕೊಂಡಿದ್ದ ಪ್ರವಾಸ ಸಂಸ್ಥೆಯ ಮಾರ್ಗದರ್ಶಕರು ಇದರಲ್ಲಿ ಒಂದನ್ನೂ ಹೇಳದೆ, ಕಂಚಿನ ತೂಕವನ್ನೂ ಚಿನ್ನದ ಅಕ್ಷರಗಳನ್ನೂ ವರ್ಣಿಸಿ ಕಾಲು ಗಂಟೆಯಲ್ಲಿ ನಮ್ಮನ್ನು ಮುಂದಕ್ಕೆ ಕರೆದೊಯ್ದರು. ಈ ಗಂಟೆಗಳ ಕಾಲವನ್ನೂ ಒಳಗೊಂಡ ಝೌ ರಾಜವಂಶದ ಕಾಲದ ಆಸ್ಥಾನಗಳಲ್ಲಿ ಅಂಧರನ್ನು ಸಂಗೀತಕ್ಕೆ ನೇಮಿಸುವ ರೂಢಿಯಿತ್ತು. ಅಂಥವರಲ್ಲಿ ಹೆಸರಾದ ಶಿ ಕುವಾಂಗ್, ತನ್ನ ದೊರೆ ಹೊಸದಾಗಿ ಎರಕ ಹೊಯ್ಯಿಸಿದ ಗಂಟೆಯನ್ನು ಉಳಿದವರೆಲ್ಲ ಹೊಗಳುತ್ತಿದ್ದಾಗ, ಶ್ರುತಿ ಸರಿಯಿಲ್ಲವೆಂದು ದೊರೆಯ ಎದುರಿಗೇ ಹೇಳಿದನೆಂಬ ಕಥೆಯುಂಟು. ಆ ಗಂಟೆಗಳ ಮುಂದೆ ಹೇಳಲು ಇದಕ್ಕಿಂತ ತಕ್ಕ ಕಥೆ ಯಾವುದಿದೆ? ಮಾರ್ಗದರ್ಶಕರನ್ನು ನೆಚ್ಚದೆ ಸ್ವಲ್ಪ ಓದಿಕೊಂಡು ಹೋಗುವುದೇ ಒಳ್ಳೆಯದು.

ಮೂಲ ಗಂಟೆಗಳನ್ನು ಈಗ ನುಡಿಸುವುದಿಲ್ಲ. ಪ್ರತಿಕೃತಿಗಳ ಮೇಲೆ ಕಲಾವಿದರು ಕಛೇರಿ ನಡೆಸುತ್ತಾರೆ. ಅದನ್ನು ಮೊದಲು ಕೇಳಿ, ದಂಡ ಹಿಡಿದವರು ಮೈಯ ಭಾರವನ್ನೆಲ್ಲ ಹೇಗೆ ಬಳಸುತ್ತಾರೆಂದು ಗಮನಿಸಿ, ಆಮೇಲೆ ಮೂಲ ಗಂಟೆಗಳ ಬಳಿಗೆ ಹೋಗಿ.